ಬೆಲ್ಲದ ಊರಿಗೆ ಬಂದ ಅಲೆ

ಮಳವಳ್ಳಿಯ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಸಮುದ್ರ ಕಂಡವರು ಯಾರೂ ಇರಲಿಲ್ಲ, ಭೂಗೋಳದ ಮೇಡಂ ಕನಕಲಕ್ಷ್ಮಿಯೂ ಸೇರಿ. ಆದರೂ ಆಂಧ್ರದ ಕರಾವಳಿಗೆ ಚಂಡಮಾರುತ ಬಡಿದ ಮರುವರ್ಷ ಅವಳು ಶಾಲೆಯ ಅಂಗಳದಲ್ಲೇ ಒಂದು ಸಮುದ್ರ ತೋಡಿಸಿದಳು. ಅವತ್ತು ಶಾಲೆಗಳ ಇನ್‌ಸ್ಪೆಕ್ಟರ್ ಕೆಂಪಸಿದ್ದಯ್ಯ ಬರುವವರಿದ್ದರು. ಅವಳ ಕೆಲಸ ಖಾಯಂ ಆಗುವುದೋ ಬೇಸಿಗೆಗೆ ಮುಗಿಯುವುದೋ ಅವರ ಒಂದು ಮಾತಿನಲ್ಲಿತ್ತು. ಕಬ್ಬಿನ ಸೀಮೆಗೆ ಕಡಲಿನ ಪಾಠ ಯಾಕೆ ಎಂದು ಮೊದಲೇ ಕೇಳಿ ಕಳಿಸಿದ್ದರು.

ತಗಡು ಹಾಸಿದ ಹೊಂಡ ಸಮುದ್ರ. ಸುತ್ತ ಮರಳಿನ ದಡ. ಅರ್ಧ ದಡಕ್ಕೆ ಒತ್ತಾಗಿ ನೆಟ್ಟ ಭತ್ತದ ಪೈರು. ಅದು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು. ಇನ್ನರ್ಧ ಬೋಳು. ಮನೆಗಳು ಬೆಳಿಗ್ಗೆ ಆಲೆಮನೆಯಿಂದ ತಂದ ಹಸಿ ಅಚ್ಚುಬೆಲ್ಲ. ಅಲೆ ಬಂದರೆ ಎಲ್ಲಿ ಅಪಾಯ ಕಡಿಮೆ, ನೀವೇ ಅಳೆದು ಮನೆ ಇಡಿ ಎಂದು ತಲೆಗೊಂದು ಅಚ್ಚು ಕೊಟ್ಟಳು.

ಮಕ್ಕಳು ನುಗ್ಗಿದ್ದು ಬೋಳು ದಡಕ್ಕೆ, ಅದೂ ನೀರಿನ ಅಂಚಿಗೆ. ನಾಲೆ ಸೀಮೆಯ ಮಕ್ಕಳು. ತೂಬಿನ ಹತ್ತಿರದ ಗದ್ದೆಯೇ ಗದ್ದೆ, ಕೊನೆಯವನಿಗೆ ನೀರೂ ಇಲ್ಲ ಮರ್ಯಾದೆಯೂ ಇಲ್ಲ ಎಂಬುದನ್ನು ಹಾಲಿನ ಜೊತೆ ಕುಡಿದಿದ್ದವು. ಪೀಚಲು ಹುಡುಗಿ ಚಲುವಮ್ಮ ಮಾತ್ರ ಜಾಗ ಸಿಗದೆ, ಪೈರಿನ ಹಿಂದೆ ಮನೆ ಇಟ್ಟು ಮೂತಿ ಊದಿಸಿಕೊಂಡು ನಿಂತಳು.

"ಕಡೇ ಗದ್ದೆಯೋಳು ಕಣ್ರೇ ಇವ್ಳು," ಎಂದು ಪಕ್ಕದವಳು ಚುಚ್ಚಿದಳು.

ಕನಕಲಕ್ಷ್ಮಿಯ ಇಡೀ ತಿಂಗಳ ಪಾಠ ಒಬ್ಬಳ ತಲೆಗೂ ಹೋಗಿರಲಿಲ್ಲ. ಅಷ್ಟರಲ್ಲಿ, ಆಗಲೇ ಬಂದು ನೋಡುತ್ತಾ ನಿಂತಿದ್ದ ಇನ್‌ಸ್ಪೆಕ್ಟರು ತಮಗೂ ಒಂದು ಅಚ್ಚು ಬೇಕೆಂದರು. ಕಿರುಗಾವಲಿನ ಕಡೆಯ ಒಕ್ಕಲು ಮನೆತನದವರು. ಕುಕ್ಕರಗಾಲಲ್ಲಿ ಕೂತು, ಮಕ್ಕಳ ಮನೆಗಳನ್ನೆಲ್ಲ ಬೆರಳಲ್ಲಿ ಹಿಂದೆ ತಳ್ಳಿ, ಎಲ್ಲಕ್ಕಿಂತ ಮುಂದೆ ತಮ್ಮದನ್ನು ಊರಿದರು.

"ಮೊದಲ ನೀರು ನಂದೇ, ಮೇಡಂ."

ಕನಕಲಕ್ಷ್ಮಿಗೆ ಬಂದದ್ದು ಭಯವೋ ನಗುವೋ ಅವಳಿಗೇ ತಿಳಿಯಲಿಲ್ಲ. ಮಣೆಯೊಂದನ್ನು ನೀರಿಗಿಳಿಸಿ ಜೋರಾಗಿ ನೂಕಿದಳು. ಮತ್ತೆ ನೂಕಿದಳು. ಬೇಕಾದ್ದಕ್ಕಿಂತ ಒಂದೆರಡು ಸಲ ಹೆಚ್ಚೇ ನೂಕಿದಳು.

ಮೊದಲು ಮಗುಚಿದ್ದು ಸಾಹೇಬರ ಮನೆ. ಅದರ ಹಿಂದೆ ಇಡೀ ಊರು ಕರಗಿ, ಕಂದು ಪಾಕವಾಗಿ ಅವರ ಬೂಟಿನೊಳಕ್ಕೆ ಇಳಿಯಿತು. ಪೈರಿನ ಕಡೆ ಹೋದ ಅಲೆ ಬುಡಗಳ ನಡುವೆ ಸೊರಗಿ, ಚಲುವಮ್ಮನ ಹೊಸಿಲನ್ನು ಒದ್ದೆ ಮಾಡಿ ಹಿಂದಕ್ಕೆ ಹೋಯಿತು. ಕನಕಲಕ್ಷ್ಮಿ ನಗು ತಡೆಯಲಾಗದೆ ಮಣೆ ಹಿಡಿದೇ ಮರಳಿನ ಮೇಲೆ ಕೂತಳು. ಮಕ್ಕಳು ಅವಳ ಮೇಲೆ ಬಿದ್ದು ನಕ್ಕವು.

ಸಾಹೇಬರು ಅಂಟು ಬೆರಳನ್ನು ನೆಕ್ಕಿದರು. ಇನ್ನೊಂದು ಅಚ್ಚು ಕೇಳಿ ಪಡೆದು, ಮೆಲ್ಲಗೆ ಪೈರಿನ ಹಿಂದಕ್ಕೆ ಬಂದರು. ಚಲುವಮ್ಮ ಕೈ ಅಡ್ಡ ಹಿಡಿದಳು.

"ಇಲ್ಲಿ ಜಾಗ ಇಲ್ಲ ಸಾ. ಬೇಕಾದ್ರೆ ಆ ಕಡೆ ಕಾಡು ನೆಟ್ಕಂಡು ಬನ್ನಿ."

ಅವರು ಪ್ಯಾಂಟು ಮಡಚಿದರು. ಮೇಡಮ್ಮನ್ನು ಇಲ್ಲಿಂದ ಎಲ್ಲಿಗೂ ಕಳಿಸುವುದು ಬೇಡ ಎಂದು ಹೆಡ್ಮಿಸ್ ಪಂಕಜಮ್ಮನವರಿಗೆ ಹೇಳುತ್ತಾ, ಮಿಕ್ಕಿದ್ದ ಒಂದು ಕಟ್ಟು ಪೈರು ಕೈಗೆತ್ತಿಕೊಂಡು ಬೋಳು ದಡದತ್ತ ನಡೆದರು.