ಚಿಕ್ಕಮಲ್ಲಮ್ಮನ ಎಡೆಗೆ ಹುಣಸೆಬೀಜದ ಮುದ್ದೆ

ಎಲೆಯ ಮೇಲೆ ಆ ಕಂದು ಮುದ್ದೆಯನ್ನು ಕಂಡದ್ದೇ ತಡ, ಮೂಗಮ್ಮನ ಮೈಯೆಲ್ಲ ಉರಿದುಹೋಯಿತು.

ಹಂಗಳ ಊರಿನ ಅವರ ಮನೆಯಲ್ಲಿ ಅಂದು ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನು ಬಡಿಸಿ, ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು ಎಲ್ಲರೂ ಜಗಲಿಯಲ್ಲಿ ಕೂರಬೇಕು. ಒಳಗೆ ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಬಾಗಿಲು ತೆಗೆಯುವಂತಿಲ್ಲ. ಮಾವನ ಎಲೆಗೆ ಬಿಸಿ ಅನ್ನ, ಕೋಳಿಸಾರು, ಪಕ್ಕದಲ್ಲೊಂದು ಕಟ್ಟು ಬೀಡಿ ಬಿದ್ದಿತ್ತು. ಅತ್ತೆ ಚಿಕ್ಕಮಲ್ಲಮ್ಮನ ಎಲೆಗೆ ಹುಣಸೆಬೀಜದ ಮುದ್ದೆ, ಉಪ್ಪೆಸರು.

ಇಷ್ಟು ವರ್ಷ ಒಲೆ ಮೂಗಮ್ಮನ ಕೈಯಲ್ಲಿತ್ತು. ಅತ್ತೆಗೂ ಅನ್ನವನ್ನೇ ಇಡುತ್ತಿದ್ದಳು. ಗಂಡ ಕೇಳಿದರೆ ಬೀಜ ಸಿಗಲಿಲ್ಲವೆಂದು ಸಬೂಬು ಹೇಳುತ್ತಿದ್ದಳು. ಈ ಸಲ ಮಂಡಿನೋವೆಂದು ಅಡುಗೆಯನ್ನು ಸೊಸೆ ಭಾನುವಿಗೆ ಬಿಟ್ಟಿದ್ದೇ ತಪ್ಪಾಯಿತು. ಗಂಡ ಲಿಂಗಯ್ಯ ಸೊಸೆಯ ಪಕ್ಕದಲ್ಲೇ ಕೂತು, ಅವ್ವ ಮಾಡುತ್ತಿದ್ದಂತೆ ಬೀಜ ಹುರಿದು, ಸಿಪ್ಪೆ ಕುಟ್ಟಿ ತೆಗೆದು, ನೆನೆಹಾಕಿ, ಅರೆದು ರಾಗಿಹಿಟ್ಟಿಗೆ ಬೆರೆಸುವುದನ್ನೆಲ್ಲ ಹೇಳಿಕೊಟ್ಟಿದ್ದ. ಬಂಡೀಪುರದ ದಾರಿಯ ಯಾವುದೋ ಹೋಟೆಲಿನಲ್ಲಿ ಇದನ್ನೇ ಹಳೇಕಾಲದ ಊಟವೆಂದು ಬಡಿಸುತ್ತಾರೆಂದು ಕೇಳಿದಾಗಿನಿಂದ ಅವನನ್ನು ಹಿಡಿಯುವವರೇ ಇರಲಿಲ್ಲ.

ಊಟವಂತೆ, ಊಟ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರದವರು ಅಕ್ಕಿ ರಾಗಿಯನ್ನೆಲ್ಲ ಅಳೆದು ಕೊಡುತ್ತಿದ್ದರು. ಯುದ್ಧ ಮುಗಿದರೂ ಆ ಕಂಟ್ರೋಲ್ ಅಳತೆ ಮುಗಿಯಲಿಲ್ಲ. ಮನೆಯಲ್ಲಿ ಅನ್ನ ಬೆಂದರೆ ಗಂಡಸರಿಗೆ, ಮಕ್ಕಳಿಗೆ. ಚಿಕ್ಕಮಲ್ಲಮ್ಮ ಹುಣಸೆಬೀಜ ಕುಟ್ಟಿ ಮುದ್ದೆ ಕಟ್ಟಿ, ತನಗಿದೇ ಇಷ್ಟ ಎಂದಳು. ಮನೆಯವರಿಗೆ ಅಷ್ಟೇ ಸಾಕಾಯಿತು. ಕಾಲ ಸುಧಾರಿಸಿ ಅನ್ನ ಹೆಚ್ಚಿ ಚೆಲ್ಲುವಂತಾದ ಮೇಲೂ ಹಬ್ಬಹಬ್ಬಕ್ಕೆ ಅವಳ ತಟ್ಟೆಗೆ ಮಾತ್ರ ಅದೇ ಮುದ್ದೆ, ಅದೂ ಮಹಾ ಪ್ರೀತಿಯಿಂದ! ಇಂಥ ಪ್ರೀತಿಗಿಷ್ಟು ಬೆಂಕಿ ಹಾಕ ಎಂದು ಮೂಗಮ್ಮ ಮನಸ್ಸಿನಲ್ಲೇ ಶಪಿಸಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಅವಳೇ ಅತ್ತೆಯನ್ನು ಕೇಳಿದ್ದಳು, ಅಷ್ಟೊಂದು ರುಚಿಯಾ ಅದು ಎಂದು. "ಹುಣ್ಸೆಬೀಜ ಯಾರ್ಗಮ್ಮಿ ರುಚಿ? ಐಕ್ಳಿಗೆ ಅನ್ನ ಸಾಲ್ತಿರ್ನಿಲ್ಲ, ಅದ್ಕೇ ಇಷ್ಟ ಅಂದೆ," ಎಂದು ಅತ್ತೆ ನಕ್ಕಿದ್ದಳು. ಯಾರಿಗೂ ಹೇಳಬೇಡವೆಂದು ಆಣೆ ಇಡಿಸಿಕೊಂಡಿದ್ದಳು.

ಲಿಂಗಯ್ಯ ಧೂಪ ಹಾಕಿ ಬಾಗಿಲಿಗೆ ಕೈಯಿಟ್ಟ. ಮೂಗಮ್ಮ ಹೊಸ್ತಿಲಿಗೆ ಅಡ್ಡ ನಿಂತಳು. ಆ ಎಲೆ ಬದಲಾಗದೆ ಬಾಗಿಲು ಮುಚ್ಚಗೊಡುವುದಿಲ್ಲ ಎಂದಳು. ಹಿರಿಯರು ಬರುವ ಹೊತ್ತಿನಲ್ಲಿ ಇದೇನು ರಂಪ ಎಂದು ಲಿಂಗಯ್ಯ ಗದರಿದ. ಭಾನು ಏನೂ ತೋಚದೆ ಸೌಟು ಹಿಡಿದು ನಿಂತಿದ್ದಳು.

"ನಮ್ಮವ್ವಂಗೆ ಅದಂದ್ರೆ ಪಿರಾಣ ಕಣಮ್ಮಿ," ಎಂದ ಲಿಂಗಯ್ಯ.

"ನಿಮ್ಮವ್ವ ಸುಳ್ಳೇಳಿದ್ಲು ಕಣ. ನಿಂಗೆ ಅನ್ನ ಉಣ್ಸಕೆ ಸುಳ್ಳೇಳಿದ್ಲು." ಮೂಗಮ್ಮ ಆಣೆ ಮುರಿದ ಪಾಪ ತನಗೇ ಬರಲಿ ಎಂದುಕೊಂಡು, ಅತ್ತೆ ಹೇಳಿದ್ದನ್ನೆಲ್ಲ ಹೇಳಿಬಿಟ್ಟಳು.

ಲಿಂಗಯ್ಯ ನಂಬಲಿಲ್ಲ. ಎಂಬತ್ತು ವರ್ಷದ ತಾನು ಅವ್ವನನ್ನು ಅರಿಯದವನೇ ಎಂದ.

"ನೀ ಯಾವತ್ತಾದ್ರೂ ಒಂದು ತುತ್ತು ತಿಂದಿದ್ದಿಯಾ ಇದ?"

ಅವನು ತಿಂದಿರಲಿಲ್ಲ. ಅವ್ವ ಒಂದು ದಿನವೂ ಅವನ ತಟ್ಟೆಗೆ ಅದನ್ನು ಹಾಕಿರಲಿಲ್ಲ. ಮೂಗಮ್ಮ ಒಳಗೆ ಹೋಗಿ ಪಾತ್ರೆಯಲ್ಲಿ ಉಳಿದಿದ್ದ ಮುದ್ದೆಯನ್ನು ಮುರಿದು ತಂದು ಅವನ ಅಂಗೈಗೆ ಹಾಕಿದಳು. ಸೊಸೆಯ ಎದುರಿಗೆ ಹಿಂದೆಗೆಯಲಾರದೆ ಲಿಂಗಯ್ಯ ಬಾಯಿಗಿಟ್ಟುಕೊಂಡ. ಒಗರಿಗೆ ಅವನ ಮುಖವೇ ಕಿವುಚಿಹೋಯಿತು. ಉಗುಳಲು ನಾಚಿಕೆ, ನುಂಗಲು ಆಗದು. ಕಡೆಗೆ ಹೇಗೋ ನುಂಗಿದ.

ಆಮೇಲೆ ಅವನು ಒಳಗೆ ಹೋಗಿ ಅವ್ವನ ಎಲೆಯ ಮುದ್ದೆ ಎತ್ತಿಟ್ಟ. ಅನ್ನದ ಪಾತ್ರೆಯನ್ನೇ ತಂದು ತನ್ನ ಕೈಯಾರೆ ಬಡಿಸಿದ, ಮೇಲೆ ತುಪ್ಪ ಸುರಿದ. ಬಾಗಿಲು ಮುಂದಕ್ಕೆಳೆದು ಬಂದು ಜಗಲಿಯಲ್ಲಿ ಕುಸಿದು ಕೂತ.

ಸ್ವಲ್ಪ ಹೊತ್ತಿಗೆ ನೀರು ಬೇಕೆಂದ. ನೀರಿನ ಬಿಂದಿಗೆ ಒಳಗಿತ್ತು. ಭಾನು ಏಳಹೋದಳು, ಮೂಗಮ್ಮ ಅವಳ ಕೈಹಿಡಿದು ಕೂರಿಸಿದಳು.

"ತಡಕೊ," ಎಂದಳು ಗಂಡನಿಗೆ. "ನಿಮ್ಮವ್ವ ಉಣ್ತಾವ್ಳೆ."