ಹನ್ನೆರಡನೇ ನಂಬರಿನ ಅಂಗಿ

ಆ ಅಂಗಿ ಹೊಲಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ತಂಡದ ಮಾಲೀಕರನ್ನೂ ಮ್ಯಾನೇಜರನ್ನೂ ಬೈಯುತ್ತೇನೆ, ಬೈಯಲೇಬೇಕು. ಆದರೆ ಮಂಜುಳಳ ಹೆಸರು ಹಾಕಿ ಆ ಅಂಗಿ ಹೊಲಿದ ಕೈ ನನ್ನದು.

ನಾನು ಬನಶಂಕರಿ. ತವರು ಆಂಧ್ರದ ಗಡಿಯ ಮಡಕಶಿರಾ ಕಡೆ, ಗುಡಿಬಂಡೆ ಪಕ್ಕದ ಹಳ್ಳಿ. ರಾಯದುರ್ಗಕ್ಕೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ. ಗುರುಪ್ರಕಾಶ್ ಅವರ ಜೀನ್ಸ್ ಯೂನಿಟ್ಟಿನಲ್ಲಿ ಮಿಷನ್ ಮುಂದೆ ಕೂತು ಹದಿನಾಲ್ಕು. ಇಲ್ಲಿಯವರು ಈಗಲೂ ನನ್ನ ಮಾತಿಗೆ ನಗುತ್ತಾರೆ. "ನಿಮ್ಮ ಕಡೆ ಕುರಿಗೂ 'ಬತ್ತೀಯಾ' ಅಂತ ಕೇಳ್ತಾರೇನ್ರಿ ಅಕ್ಕಾರ?" ತವರಿಗೆ ಹೋದರೆ ಅಲ್ಲಿಯವರೂ ನಗುತ್ತಾರೆ, "ಏನವ್ವ, ಬಳ್ಳಾರಿಯೋಳೇ ಆಗ್ಬಿಟ್ಟೆ" ಎಂದು. ಹೀಗೆ ಎರಡೂ ಕಡೆ ಅರ್ಧರ್ಧ ಆಗಿದ್ದವಳಿಗೆ ಪೂರ್ತಿ ನನ್ನದು ಎನ್ನಿಸಿದ್ದು ಒಂದೇ: ಪೆನ್ನಾ ಈಗಲ್ಸ್ ಎಂಬ ಹೆಂಗಸರ ಹಾಕಿ ತಂಡ.

ಹೆಸರು ನೋಡಿ. ನಮ್ಮ ನದಿಯ ಹೆಸರು. ನದಿಯಲ್ಲಿ ನೀರಿಲ್ಲ, ಮರಳನ್ನೂ ಲಾರಿಯವರು ಬಿಟ್ಟಿಲ್ಲ, ಉಳಿದಿದ್ದು ಹೆಸರೊಂದು; ಅದನ್ನು ಹೈದರಾಬಾದಿನ ಕಟ್ಟಡ ಕಟ್ಟುವ ಕಂಪನಿಯವರು ಬಂದು ತಮ್ಮ ತಂಡಕ್ಕೆ ಎತ್ತಿಕೊಂಡು ಹೋದರು. ನಾಲ್ಕು ವರ್ಷದ ಹಿಂದೆ ಮಾಲೀಕರು ಗುಡಿಬಂಡೆ ಮೈದಾನಕ್ಕೆ ಬಿಳಿ ಕಾರಿನಲ್ಲಿ ಬಂದಿದ್ದರು. ಬರಿಗಾಲಲ್ಲಿ ಜಲ್ಲಿಕಲ್ಲಿನ ಮೇಲೆ ಆಡುತ್ತಿದ್ದ ಹುಡುಗಿಯರ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ಇಲ್ಲಿ ಹುಲ್ಲಿನ ಹಾಸು ಹಾಕಿಸುತ್ತೇವೆ, ನಿಮ್ಮ ಸೀಮೆಯ ಮಕ್ಕಳೇ ನಮ್ಮ ತಂಡ ಎಂದರು. ಶಂಕುಸ್ಥಾಪನೆಯ ಕಲ್ಲು ನೆಟ್ಟರು. ಆ ಕಲ್ಲಿಗೆ ಈಗ ಕುರಿಗಳು ಬೆನ್ನು ತಿಕ್ಕಿಕೊಳ್ಳುತ್ತವೆ.

ಮೊದಲ ವರ್ಷ ನಮ್ಮ ಕಡೆಯ ಮೂವರು ಹುಡುಗಿಯರನ್ನು ತೆಗೆದುಕೊಂಡರು. ಎರಡನೇ ವರ್ಷ ಇಬ್ಬರು. ಮೂರನೇ ವರ್ಷ ಉಳಿದವಳು ಮಂಜುಳ ಒಬ್ಬಳೇ. ನಮ್ಮ ತವರುಮನೆಯ ಎದುರು ಮನೆ ನರಸಪ್ಪನ ಮಗಳು ಅವಳು, ಕುರಿ ಸಾಕುವ ಮನೆ. ಅವಳು ಡಿಫೆಂಡರ್, ಗೋಲಿನ ಮುಂದೆ ನಿಂತು ಬರುವವರನ್ನು ತಡೆಯುವವಳು. ಮಂದೆ ಕಂಡವರ ಹೊಲಕ್ಕೆ ನುಗ್ಗದಂತೆ ಅಡ್ಡ ನಿಲ್ಲುವುದನ್ನು ಆರು ವರ್ಷದವಳಿದ್ದಾಗಲೇ ಕಲಿತಿದ್ದಳು. ಅಂಗಿಯ ನಂಬರು ಹನ್ನೆರಡು.

ಆಟ ಶುರುವಾಗುವುದು ಸಂಜೆ ಆರಕ್ಕೆ. ನಮ್ಮ ಕೆಲಸ ಬಿಡುವುದು ಎಂಟಕ್ಕೆ. ದಾರದ ಕೋನಿಗೆ ಫೋನ್ ಒರಗಿಸಿ, ಕಣ್ಣು ಅಲ್ಲಿ, ಕೈ ಇಲ್ಲಿ. ನೋಡಿದ್ದು ಬಹುಪಾಲು ಸೋಲು. ಮೊದಲ ವರ್ಷ ಎರಡು ಗೆದ್ದರು, ಮರುವರ್ಷ ಒಂದು, ಹೋದ ವರ್ಷ ಒಂದೂ ಇಲ್ಲ. ಮುಂದಿನವರು ಗೋಲು ಹೊಡೆಯುವುದಿಲ್ಲ, ನಡುವಿನವರು ಚೆಂಡು ಬಿಡುತ್ತಾರೆ, ಕೊನೆಗೆ ಎಲ್ಲ ಬಂದು ಬೀಳುವುದು ಹಿಂದೆ ನಿಂತ ಮಂಜುಳಳ ಮೇಲೆ. ಹತ್ತು ತಡೆದು ಹನ್ನೊಂದನೆಯದು ಹೋದರೆ ಕಾಮೆಂಟರಿಯವನು ಅವಳ ಹೆಸರನ್ನೇ ಹೇಳುತ್ತಿದ್ದ. ತಡೆದ ಹತ್ತಕ್ಕೆ ಹೆಸರಿರಲಿಲ್ಲ. ಒಮ್ಮೆ ಕೊನೆಯ ನಿಮಿಷದಲ್ಲಿ ಹಾಗೇ ಗೋಲಾದಾಗ ಸೂಜಿ ನನ್ನ ಎಡಗೈ ತೋರುಬೆರಳಿನ ಉಗುರು ತೂರಿ ಆಚೆ ಬಂತು. ಆ ಪಂದ್ಯದ ಲೆಕ್ಕ ಅವರು ಮರೆತಿರಬಹುದು. ನನ್ನ ಬೆರಳು ಮರೆತಿಲ್ಲ.

ಈ ವರ್ಷ ಆ ತಂಡದ ಅಂಗಿಗಳೇ ನಮ್ಮ ಯೂನಿಟ್ಟಿಗೆ ಬಂದವು. ಜೀನ್ಸ್ ಕೆಲಸ ಕಡಿಮೆಯಿದ್ದ ತಿಂಗಳು, ಗುರುಪ್ರಕಾಶ್ ಬಳ್ಳಾರಿಯ ಪಾರ್ಟಿಯೊಂದರಿಂದ ಆರ್ಡರ್ ಹಿಡಿದಿದ್ದರು. ಕಟಿಂಗ್ ಮಾಸ್ತರ ರವಿತೇಜ ಕತ್ತರಿಸಿದ ತುಂಡುಗಳ ಗಂಟನ್ನು ನನ್ನ ಟೇಬಲ್ಲಿನ ಮೇಲೆ ಧೊಪ್ಪನೆ ಹಾಕಿದ.

"ಅಕ್ಕಾರ, ನಿಮ್ಮ ಟೀಮಿನ ಅಂಗಿ ಬಂದಾವ್ರಿ. ಸೋತೋರಿಗೆ ಕಾಲರ್ ಎತ್ತಿ ಹೊಲೀಬೇಕೋ, ಇಳಿಸಿ ಹೊಲೀಬೇಕೋ ಕೇಳ್ರಿ."

"ನಿನ್ನ ನಾಲಿಗಿ ಹೊಲೀತೀನಿ ಮೊದ್ಲು," ಎಂದೆ. ಎಲ್ಲರೂ ನಕ್ಕರು.

ನಗದವಳು ಪಕ್ಕದ ಮಿಷನ್ನಿನ ಸುಂಕಮ್ಮ. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಜಾರೋ ಬಟ್ಟಿ. ದಿನಾ ಆಗೋದರಾಗ ಅರ್ಧ ಪೀಸೂ ಆಗಂಗಿಲ್ಲ. ಪೀಸಿನ ರೇಟು ಏರಿಸದಿದ್ರ ಮುಟ್ಟಾದೇ ಬ್ಯಾಡ."

ರೇಟಿನ ಮಾತು ಬಂದಾಗ ಯಾವಾಗಲೂ ಮುಂದೆ ನಿಲ್ಲುವವಳು ನಾನು. ಅವತ್ತು ನಾನೇ ಅಂದೆ: "ಹೋಗ್ಲಿ ಬಿಡೇ ಸುಂಕಮ್ಮ. ನಮ್ಮ ಹುಡುಗಿ ಹಾಕ್ಕೊಳ್ಳೋ ಅಂಗಿ." ನನ್ನ ಮುಖ ನೋಡಿ ಅವಳು ಸುಮ್ಮನಾದಳು. ಅವಳು ಸುಮ್ಮನಾದದ್ದಕ್ಕೆ ಉಳಿದವರೂ ಸುಮ್ಮನಾದರು. ಅಭಿಮಾನ ಎಂಬುದು ಮಾಲೀಕರಿಗೆ ಎಷ್ಟು ಅನುಕೂಲದ ವಸ್ತು ಎಂದು ಆಗ ನನಗೆ ಹೊಳೆಯಲಿಲ್ಲ.

ಹೆಸರು, ನಂಬರು, ಅಳತೆಯ ಪಟ್ಟಿ ಗೋಡೆಗೆ ಅಂಟಿಸಿದ್ದರು. ಇಪ್ಪತ್ತೆರಡು ಹೆಸರು. ಬೆರಳಿಟ್ಟು ಓದುತ್ತಾ ಹೋದೆ. ಒಂಬತ್ತು, ಹತ್ತು, ಹನ್ನೊಂದು, ಹದಿಮೂರು.

ಮತ್ತೆ ಮೇಲಿನಿಂದ ಓದಿದೆ. ಹನ್ನೊಂದು, ಹದಿಮೂರು. ಮಂಜುಳ ಎಲ್ಲೂ ಇಲ್ಲ.

"ಏ ರವಿ, ಹನ್ನೆರಡು ಬಿಟ್ಟೋಗೈತಲ್ಲೋ."

"ಅವ್ರು ಕಳಿಸಿದ್ದು ಅಷ್ಟ ಐತ್ರಿ. ಫೋನ್ ಮಾಡಿ ಕೇಳೂಣು?"

"ಬ್ಯಾಡ."

ಯಾಕೆ ಬೇಡ ಎಂದೆ? ನಮ್ಮಲ್ಲೊಂದು ರೂಢಿಯಿದೆ. ಆರ್ಡರ್ ಪಟ್ಟಿಯಲ್ಲಿ ನಡುವೆ ಒಂದು ಸೈಜು ಬಿಟ್ಟುಹೋಗಿದ್ದರೆ ಅದು ಟೈಪ್ ಮಾಡುವವರ ಕೈತಪ್ಪು ಎಂದೇ ತಿಳಿದು ನಾವು ತುಂಬಿಬಿಡುತ್ತೇವೆ. ಹೋದ ವರ್ಷ ಜೀನ್ಸ್ ಪಟ್ಟಿಯಲ್ಲಿ ಮೂವತ್ನಾಲ್ಕು ಬಿಟ್ಟುಹೋಗಿತ್ತು. ಕೇಳದೆಯೇ ಹೊಲಿದು ಕಳಿಸಿದ್ದಕ್ಕೆ ಪಾರ್ಟಿಯವರು ಶಹಬ್ಬಾಸ್ ಅಂದಿದ್ದರು. ಹಾಳಾದರೆ ಇರಲಿ ಎಂದು ಕಟಿಂಗಿನಲ್ಲಿ ಒಂದೆರಡು ಪೀಸು ಹೆಚ್ಚೇ ಕತ್ತರಿಸಿರುತ್ತಾರೆ. ಬಟ್ಟೆಯಿತ್ತು, ರೂಢಿಯಿತ್ತು, ನೆಪವಿತ್ತು.

"ಮೂವತ್ನಾಲ್ಕು ನೆನಪೈತೇನೋ?" ಎಂದೆ.

ರವಿತೇಜ ತಲೆ ಕೆರೆದುಕೊಂಡ. "ಅಕ್ಕಾರ, ಪ್ಯಾಂಟು ಬ್ಯಾರೆ, ಮನುಷ್ಯಾರು ಬ್ಯಾರೆ. ಆ ಹುಡುಗೀನ ಆದ್ರೂ ಒಂದ್ಮಾತು ಕೇಳ್ರಿ."

ಇಪ್ಪತ್ತೆರಡು ವರ್ಷದ ಹುಡುಗನಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು. ಕೇಳಿದರೆ ಇಲ್ಲ ಎಂದುಬಿಡುತ್ತಾರೆ, ಕೇಳದಿದ್ದರೆ ಇನ್ನೂ ಇದೆ. ಮೂರು ವರ್ಷ ಸೋಲನ್ನೇ ನೋಡಿದವಳು ಕಲಿತಿದ್ದು ಇಷ್ಟೇ: ಕೊನೇ ಸೀಟಿ ಊದುವ ತನಕ ಸೋತಿಲ್ಲ ಅಂದುಕೊಳ್ಳುವುದು.

ಹೊಲಿದೆ. ಹದಿನಾಲ್ಕು ವರ್ಷದಲ್ಲಿ ಅಷ್ಟು ನೀಟಾಗಿ ಏನನ್ನೂ ಹೊಲಿದಿರಲಿಲ್ಲ. ಅವಳ ಬಲಭುಜ ಕೊಂಚ ಇಳಿಜಾರು, ಚಿಕ್ಕಂದಿನಿಂದ ನೋಡಿದ್ದೇನೆ. ಅಲ್ಲಿ ಅರ್ಧ ಬೆರಳಷ್ಟು ಒಳಗೆ ಹಿಡಿದೆ. ಬೆನ್ನಿಗೆ ಹನ್ನೆರಡು, ಮೇಲೆ ಅವಳ ಹೆಸರು ಒತ್ತಿಸಿದೆ. ಮಿಷನ್ ಮೇಲೆ ಹರವಿ ಫೋಟೋ ತೆಗೆದು ಮಂಜುಳಳಿಗೆ ಕಳಿಸಿದೆ: "ನಿನ್ನ ಅಂಗಿ ರೆಡಿ ಕಣೆ." ಅಂಗಿಯನ್ನು ಉಳಿದ ಇಪ್ಪತ್ತೆರಡರ ಜೊತೆ ಗಂಟಿಗೆ ಸೇರಿಸಿದೆ.

ಒಂದು ನಿಮಿಷದಲ್ಲಿ ಫೋನ್ ಬಂತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ.

"ಅಕ್ಕ! ನಿಜ್ವೇನಕ್ಕ? ಹದಿನೈದು ದಿನದಿಂದ ಮ್ಯಾನೇಜರು ಫೋನೇ ಎತ್ತವಲ್ಲ. ಮಡಕಶಿರದಾಗೆ ಇಸ್ಕೂಲ್ನೋರು ಪಿ.ಟಿ. ಟೀಚರ್ ಕೆಲ್ಸಕ್ಕೆ ಸೋಮವಾರ ಬಾ ಅಂದವ್ರೆ. ಏನು ಮಾಡ್ಲಿ ಅಂತ ನಾನೂ ಅಪ್ಪನೂ ಒದ್ದಾಡ್ತಿದ್ವಿ. ಇನ್ನು ಬಿಡು, ಬರಾಕಿಲ್ಲ ಅಂತ ಹೇಳ್ಬುಡ್ತೀನಿ. ಭಾನುವಾರ್ವೇ ಹೈದ್ರಾಬಾದ್ ಕ್ಯಾಂಪಿಗೆ ಓಗ್ತೀನಿ."

ಆ ಹೊತ್ತು ಇತ್ತು ನನ್ನ ಕೈಯಲ್ಲಿ. ಒಂದೇ ಮಾತು. ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಮಂಜುಳ, ಇಸ್ಕೂಲಿನ ಕೆಲಸ ಬಿಡಬೇಡ. ಬಾಯಿಗೆ ಬಂದದ್ದನ್ನು ನುಂಗಿದೆ. "ಚೆನ್ನಾಗಿ ಆಡವ್ವ," ಎಂದೆ.

ಭಾನುವಾರದಿಂದ ಮೂರು ದಿನ ಅವಳಿಂದ ಸುದ್ದಿಯಿಲ್ಲ. ಬುಧವಾರ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದ್ದೆವು. ಬಾಗಿಲಲ್ಲಿ ಮಂಜುಳ ನಿಂತಿದ್ದಳು. ಹೆಗಲಲ್ಲಿ ಹಾಕಿ ಸ್ಟಿಕ್ಕಿನ ಚೀಲ, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಹೈದರಾಬಾದಿನಿಂದ ನೇರ ಊರಿಗೆ ಹೋಗದೆ ಅನಂತಪುರದಲ್ಲಿ ಇಳಿದು, ಕಲ್ಯಾಣದುರ್ಗದ ಬಸ್ಸು ಹತ್ತಿ, ಸುತ್ತಿಕೊಂಡು ನನ್ನ ಹತ್ತಿರ ಬಂದಿದ್ದಳು.

"ಬಾರೆ, ಒಳಗ್ ಬಾ. ಉಂಡ್ಯಾ?"

ಕೂರಲಿಲ್ಲ. ಕವರಿನಿಂದ ಅಂಗಿ ತೆಗೆದು ನನ್ನ ಮಿಷನ್ ಮೇಲಿಟ್ಟಳು. ಮಡಿಕೆ ಮುರಿದಿರಲಿಲ್ಲ.

"ಗೇಟ್ನಾಗೇ ನಿಲ್ಸಿದ್ರು ಅಕ್ಕ. ಮ್ಯಾನೇಜರು ಬಂದು 'ಪೇರು ಲೇದಮ್ಮಾ' ಅಂದ. ಹೆಸ್ರಿಲ್ಲ ಅಂದ್ರೆ ನಾನು ಬುಡ್ತೀನಾ? ನಿನ್ನ ಫೋಟೋ ತೋರ್ಸಿದೆ. ನನ್ನ ಅಂಗಿ ಬಂದೈತೆ, ಒಳಗೆ ನೋಡ್ರಿ ಅಂತ ಜಗಳಕ್ಕೇ ಬಿದ್ದೆ. ಓಗಿ ಗಂಟು ಬಿಚ್ಚಿ ತಂದ. ಐತೆ. ಹೆಸ್ರಿಲ್ಲ, ಅಂಗಿ ಐತೆ. ಎಲ್ರೂ ನಕ್ರು. ಹೊಸ ಹುಡ್ಗೀರೂ ನಕ್ರು. 'ಹೆಂಗೂ ಬಂದೈತೆ, ಗುರ್ತಿಗೆ ಇಟ್ಕೋ' ಅಂತ ಕೈಗಾಕಿ ಕಳಿಸ್ದ."

ನಾನು ಬುತ್ತಿ ಪಕ್ಕಕ್ಕೆ ಸರಿಸಿ ಕೇಳಿದೆ.

"ಇಸ್ಕೂಲು?"

"ಸೋಮವಾರ್ವೇ ಬೇರೇರ್ನ ತಗಂಡವ್ರೆ." ಅಂಗಿಯ ಮೇಲೆ ಕೈಯಿಟ್ಟಳು. "ಅಕ್ಕ, ಒಂದು ಕೇಳ್ತೀನಿ. ಪಟ್ಟಿ ನೀನು ನೋಡಿದ್ದೆ ತಾನೆ? ಇತ್ತಾ ನನ್ನ ಹೆಸ್ರು?"

ಟೈಪ್ ಮಾಡಿದವನ ತಪ್ಪು ಅನ್ನಬಹುದಿತ್ತು. ರೂಢಿ ಅನ್ನಬಹುದಿತ್ತು. ರವಿತೇಜ ಅಲ್ಲೇ ಇದ್ದ, ನೆಲ ನೋಡುತ್ತಿದ್ದ.

"ಇರ್ಲಿಲ್ಲ," ಎಂದೆ.

"ಗೊತ್ತಿದ್ದೂ ಹೊಲಿದ್ಯಾ?"

"ಗೊತ್ತಿದ್ದೂ."

ಅವಳು ಕೂಗಾಡಿದ್ದರೆ ನನಗೆ ಸಲೀಸಾಗುತ್ತಿತ್ತು. ಅವಳು ಮೆಲ್ಲಗೆ ಅಂದಳು: "ಅವ್ರು ಕೈಬುಟ್ರೆ ಬುಡ್ಲಿ, ಅವ್ರು ಯಾರೋ. ನೀನು ಒಂದು ಮಾತು ಹೇಳಿದ್ರೆ ಸೋಮವಾರ ನಾನು ಇಸ್ಕೂಲ್ನಾಗೆ ಇರ್ತಿದ್ದೆ."

ಅಷ್ಟರಲ್ಲಿ ಗುರುಪ್ರಕಾಶ್ ಒಳಗೆ ಬಂದರು. ಹಿಂದೆ ಹಮಾಲಿಯ ತಲೆಯ ಮೇಲೆ ಬಟ್ಟೆಯ ಥಾನು. ಖುಷಿಯಲ್ಲಿದ್ದರು.

"ಬನಶಂಕರವ್ವಾ, ನಿನ್ನ ಟೀಮಿನೋರ ಇನ್ನೊಂದು ಆರ್ಡರ್ ಬಂತು ನೋಡು! ಐನೂರು ಪೀಸು. ಎಲ್ಲಾ ಒಂದ ನಂಬರು, ಸಲೀಸು ಕೆಲ್ಸ." ಕಾಗದವನ್ನು ನನ್ನ ಟೇಬಲ್ಲಿನ ಮೇಲಿಟ್ಟರು.

ಮಂಜುಳ ನನಗಿಂತ ಮೊದಲೇ ಅದನ್ನು ಎತ್ತಿಕೊಂಡಳು. ಐನೂರೂ ಹನ್ನೆರಡನೇ ನಂಬರು. ಬೆನ್ನ ಮೇಲೆ ಹೆಸರಿನ ಜಾಗದಲ್ಲಿ 'ಅಭಿಮಾನಿ'. ಕೆಳಗೆ ವಿವರ ಕೊಟ್ಟಿದ್ದರು: ಮೈದಾನದಲ್ಲಿ ಹನ್ನೊಂದು ಜನ, ಹನ್ನೆರಡನೆಯ ಆಟಗಾರ ನಮ್ಮ ಅಭಿಮಾನಿ, ಆದ್ದರಿಂದ ಈ ವರ್ಷದಿಂದ ಹನ್ನೆರಡನೇ ನಂಬರನ್ನು ಅಭಿಮಾನಿಗಳಿಗೆ ಗೌರವದಿಂದ ಮೀಸಲಿಡಲಾಗಿದೆ. ಕ್ರೀಡಾಂಗಣದ ಅಂಗಡಿಯಲ್ಲಿ ಮಾರಾಟಕ್ಕಂತೆ.

ಟೈಪ್ ಮಾಡಿದವನ ಕೈ ತಪ್ಪಿರಲಿಲ್ಲ.

ಮಂಜುಳ ಎರಡು ಸಲ ಓದಿದಳು. ಕಾಗದವನ್ನು ನನ್ನ ಕಡೆ ತಿರುಗಿಸಿದಳು.

"ನನ್ನ ನಂಬರ್ನ ನಿಂಗೆ ಕೊಟ್ಟವ್ರೆ ಅಕ್ಕ," ಎಂದಳು.

ಸ್ಟಿಕ್ಕಿನ ಚೀಲ ಹೆಗಲಿಗೇರಿಸಿ ಹೊರಟಳು. ಬಸ್ ಸ್ಟ್ಯಾಂಡಿನ ತನಕ ಹಿಂದೆ ಓಡಿದೆ. ಕಿಟಕಿ ಪಕ್ಕ ಕೂತವಳು ನನ್ನತ್ತ ತಿರುಗಲಿಲ್ಲ. ಬಸ್ಸು ಬಿಟ್ಟ ಮೇಲೂ ಅಲ್ಲೇ ನಿಂತಿದ್ದೆ. ಪಕ್ಕದಲ್ಲಿ ಆಟೋದವನೊಬ್ಬ ಬೆಳುಗುಪ್ಪ, ಬೆಳುಗುಪ್ಪ ಎಂದು ಪಕ್ಕದೂರಿಗೆ ಜನ ಕರೆಯುತ್ತಿದ್ದ.

ಮರಳಿ ಬಂದಾಗ ರವಿತೇಜ ಥಾನು ಬಿಚ್ಚುತ್ತಿದ್ದ. ನಾನು ಗುರುಪ್ರಕಾಶರ ಮುಂದೆ ಹೋಗಿ ನಿಂತೆ. "ಪೀಸಿಗೆ ಎಷ್ಟು ಕೊಡ್ತೀರಿ?"

"ಅಯ್ಯ, ಹಿಂದಿಂದ ರೇಟು. ನೀನ ಒಪ್ಪಿದ್ದೆಲ್ಲವ್ವಾ, ನಮ್ಮ ಟೀಮು ಅಂತ."

"ಆಗ ನಾನು ಅಭಿಮಾನಿ ಇದ್ದೆ ರೀ."

"ಈಗ ಏನಾದಿ?"

"ಟೈಲರು."

ಅವರು ನಕ್ಕರು. ಬೇಕಾದರೆ ನಿನಗೊಂದು ಅಂಗಿ ಬಿಟ್ಟಿ ಕೊಡುತ್ತೇನೆ, ಹಾಕ್ಕೊ ಎಂದರು. ನಾನು ಸುಂಕಮ್ಮನ ಕಡೆ ನೋಡಿದೆ, ಎದ್ದು ನಿಲ್ಲುತ್ತಾಳೇನೋ ಎಂದು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. "ಅವತ್ತು ನಾ ಎದ್ದಾಗ ನೀ ಕುಂದ್ರಿಸಿದೆಲ್ಲ," ಎಂದಳು, ತಲೆಯೆತ್ತದೆ. ಅವಳ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ಅದಕ್ಕೇ ತಡೆಯಲಾಗಲಿಲ್ಲ.

ಆ ಐನೂರರಲ್ಲಿ ಒಂದನ್ನೂ ನಾನು ಮುಟ್ಟಲಿಲ್ಲ. ನನ್ನನ್ನು ಪ್ಯಾಂಟಿಗೆ ಬೆಲ್ಟಿನ ಲೂಪು ಹಾಕುವ ಮೂಲೆಗೆ ಕಳಿಸಿದರು, ಹೊಸದಾಗಿ ಕೆಲಸಕ್ಕೆ ಬಂದವರು ಕೂರುವ ಜಾಗ. ನಾನು ಬಿಟ್ಟರೆ ಅಂಗಿ ನಿಲ್ಲುತ್ತದೆಂದಲ್ಲ. ಒಂಬತ್ತು ದಿನಕ್ಕೆ ಐನೂರೂ ಹೊಲಿದರು, ಗಂಟು ಕಟ್ಟಿ ಕಳಿಸಿದರು. ಮೊದಲ ಪಂದ್ಯದಲ್ಲಿ ಈಗಲ್ಸ್ ಗೆದ್ದರಂತೆ. ರವಿತೇಜ ಹೇಳಬೇಕೋ ಬೇಡವೋ ಎಂದು ನಿಂತು, ಹೇಳಿ ಹೋದ. ಕೈಯಲ್ಲಿದ್ದ ಲೂಪನ್ನು ಮುಗಿಸಿ ಇನ್ನೊಂದನ್ನು ಎತ್ತಿಕೊಂಡೆ.

ಮಂಜುಳ ಬಿಟ್ಟುಹೋದ ಅಂಗಿ ನನ್ನ ಹತ್ತಿರವೇ ಇದೆ. ಕಳಿಸಲು ಮುಖವಿಲ್ಲ, ಹಾಕಿಕೊಳ್ಳಲು ಅದು ನನ್ನದಲ್ಲ. ಬಲಭುಜದಲ್ಲಿ ಅರ್ಧ ಬೆರಳು ಒಳಗೆ ಹಿಡಿದದ್ದು ಬೇರೆ ಯಾರಿಗೂ ಕೂರುವುದಿಲ್ಲ. ಒಂದು ದಿನ ಸಿಟ್ಟಿಗೆ ಅದರಲ್ಲೇ ಮಿಷನ್ ಎಣ್ಣೆ ಒರೆಸಲು ಹೋದೆ. ಅದು ಎಣ್ಣೆ ಹೀರುವ ಬಟ್ಟೆಯಲ್ಲ. ಎಣ್ಣೆ ಮೇಲೆ ಮೇಲೆ ಬಳಿದುಕೊಂಡಿತು ಅಷ್ಟೇ. ತೊಳೆದು ಮಡಿಸಿಟ್ಟೆ.

ದಿನಾ ಸಂಜೆ ಆರಕ್ಕೆ ಅವಳಿಗೆ ಫೋನ್ ಮಾಡುತ್ತೇನೆ. ಎತ್ತುವುದಿಲ್ಲ. ನಿನ್ನೆ ಅವಳಪ್ಪ ನರಸಪ್ಪ ಎತ್ತಿದ. "ಕುರಿ ಹೊಡ್ಕೊಂಡು ಓಗವ್ಳೆ ಕಣವ್ವ," ಎಂದ. "ಫೋನು ಮನೇಲೇ ಬುಟ್ಟು ಓಗ್ತಾಳೆ ಈಗ."