ಸಾಧು ಕೂಸು

ಭದ್ರಾವತಿಯ ಶಂಕರಮ್ಮ ಬಾಣಂತಿ ಲೇಹ್ಯ ಕಾಯಿಸಲು ಕೂತರೆ, ಸೇತುವೆಯ ಕೆಳಗೆ ಹರಿಯುವ ಭದ್ರಾ ಹೊಳೆ ಒಂದು ಗಳಿಗೆ ನಿಂತು, ಮೂಸಿ ನೋಡಿ, ಆಮೇಲೆ ಮುಂದಕ್ಕೆ ಹೋಗುತ್ತಿತ್ತು. ಆ ವಾಸನೆ ಕುಡಿದ ಹೊಳೆಹೊನ್ನೂರಿನ ಎಮ್ಮೆಗಳು ಎರಡೆರಡು ಸೇರು ಹಾಲು ಹೆಚ್ಚಿಗೆ ಕೊಡುತ್ತಿದ್ದವು. ಶುಂಠಿ, ಮೆಣಸು, ಬೆಲ್ಲ ಎಲ್ಲರ ಮನೆಯ ಲೇಹ್ಯದಲ್ಲೂ ಇರುತ್ತವೆ. ಶಂಕರಮ್ಮ ಮಾತ್ರ ಮೊದಲು ತುಪ್ಪದಲ್ಲಿ ಭಂಗಿ ಸೊಪ್ಪನ್ನು ಹುರಿಯುತ್ತಿದ್ದಳು. ಆಕೆಯ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ. ಅದನ್ನು ತಿಂದ ಬಾಣಂತಿ ಕಣ್ತುಂಬ ನಿದ್ದೆ ಮಾಡುತ್ತಾಳೆ, ಕೂಸೂ ತೆಪ್ಪಗೆ ಮಲಗುತ್ತದೆ. ಶಂಕರಮ್ಮನ ಮನೆಯ ಕೂಸುಗಳೆಂದರೆ ಸಾಧು ಕೂಸುಗಳು ಎಂಬ ಮಾತು ಕಾರ್ಖಾನೆಯ ಕ್ವಾರ್ಟರ್ಸ್ ಸಾಲಿನಲ್ಲೆಲ್ಲ ಇತ್ತು.

ಸೊಸೆ ಸುಮನಾ ಶಿವಮೊಗ್ಗದ ದುರ್ಗಿಗುಡಿಯವಳು. ತಾಯಿ ತೀರಿಕೊಂಡಿದ್ದರಿಂದ ಚೊಚ್ಚಲ ಹೆರಿಗೆಗೂ ಆಕೆಗೆ ತವರಿರಲಿಲ್ಲ. ಗಂಡ ರುದ್ರೇಶನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಬಂದರೆ ಮಲಗುವನು, ಎದ್ದರೆ ಹೊರಡುವನು. ಬಸುರಿನ ಮೂರನೇ ತಿಂಗಳಲ್ಲಿ ಆಕೆ ಮಾಡಿಕೊಂಡ ವಾಂತಿಗೆ ಬಚ್ಚಲ ಕಲ್ಲೇ ಸವೆದುಹೋಯಿತು. ಆಗಲೂ ಅತ್ತೆ ಭಂಗಿಯ ಉಂಡೆ ಕೊಟ್ಟಳು. ವಾಂತಿ ನಿಂತಿತು. ನಿಂತದ್ದು ನಿಜವಾದ್ದರಿಂದ ಯಾರೂ ಏನೂ ಕೇಳಲಿಲ್ಲ, ಹೆರಿಗೆಯವರೆಗೂ ಉಂಡೆ ತಪ್ಪಲಿಲ್ಲ.

ಹುಟ್ಟಿದ ಹೆಣ್ಣುಕೂಸು ಎಷ್ಟು ಹಗುರವಿತ್ತೆಂದರೆ, ಹಾರಿಹೋದೀತೆಂದು ಬಾಣಂತಿ ಕೋಣೆಯಲ್ಲಿ ಫ್ಯಾನನ್ನೇ ಹಾಕುತ್ತಿರಲಿಲ್ಲ. ಕಿಟಕಿಗೆ ಕಂಬಳಿ ಕಟ್ಟಿತ್ತು. ಬೆಳಿಗ್ಗೆ ನೆಲ್ಲಿಕಾಯಿ ಗಾತ್ರದ ಲೇಹ್ಯದ ಉಂಡೆ, ಸಂಜೆ ಇನ್ನೊಂದು. ತಿಂದ ಮೇಲೆ ಸುಮನಾಳಿಗೆ ಪಕ್ಕದ ಅಡುಗೆಮನೆಯ ಪಾತ್ರೆಯ ಸದ್ದು ತೀರ್ಥಹಳ್ಳಿಯಿಂದ ಬಂದಂತೆ ಕೇಳುತ್ತಿತ್ತು. ತನ್ನ ಕೈಯೇ ತನಗೆ ದೂರದ ನೆಂಟರ ಕೈಯಂತೆ ಕಾಣುತ್ತಿತ್ತು. ಕೂಸಾದರೂ ಅತ್ತಿದ್ದರೆ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ ಅನಿಸುತ್ತಿತ್ತು. ಅದು ಎರಡು ಗುಟುಕು ಎಳೆದು, ಬಾಯಿ ತೆರೆದುಕೊಂಡೇ ನಿದ್ದೆ ಹೋಗುತ್ತಿತ್ತು. ಕುಡಿಯದ ಹಾಲು ಸೀರೆ ತೋಯಿಸುತ್ತಿತ್ತು. ಪಕ್ಕದ ಮನೆಯ ಸಣ್ಣಮ್ಮ ಇಣುಕಿ ನೋಡಿ, ತನ್ನ ಮೊಮ್ಮಗನ ಅಳುವಿಗೆ ಹೆಂಚು ಹಾರುತ್ತವೆಂದೂ, ಇಂಥ ಕೂಸು ಪಡೆಯಲು ಪುಣ್ಯ ಮಾಡಿರಬೇಕೆಂದೂ ಹೇಳಿಹೋದಳು. ಸುಮನಾ ಆ ಹೆಂಚು ಹಾರಿಸುವ ಅಳುವನ್ನು ಗೋಡೆಗೆ ಕಿವಿಯಿಟ್ಟು ಕೇಳುತ್ತ ಕೂತಳು.

ಚುಚ್ಚುಮದ್ದಿಗೆಂದು ಅತ್ತೆ ಸೊಸೆ ಶಿವಮೊಗ್ಗಕ್ಕೆ ಹೋದಾಗ ಡಾಕ್ಟರ್ ಸೀತಾಲಕ್ಷ್ಮಿ ಕೂಸಿನ ಅಂಗಾಲಿಗೆ ಬೆರಳಿನಿಂದ ತಟ್ಟಿದರು. ಅದು ಮುಖ ಕಿವುಚಿ ಮತ್ತೆ ಮಲಗಿತು. ತೂಕ ಹುಟ್ಟಿದಾಗಿನದಕ್ಕಿಂತ ಇಳಿದಿತ್ತು. ಏನು ತಿನ್ನುತ್ತೀಯೆಂದು ಕೇಳಿದ್ದಕ್ಕೆ ಸುಮನಾ ಹೇಳಿಬಿಟ್ಟಳು.

"ಅದು ಗಾಂಜಾ ಗಿಡದ್ದೇ ಸೊಪ್ಪು ಕಣಮ್ಮ," ಎಂದರು ಡಾಕ್ಟರ್. "ಬಸುರಲ್ಲಿ ತಿಂದಿದ್ದು ಆಗಲೇ ಕೂಸಿಗೆ ಹೋಗಿದೆ. ಈಗ ತಿಂತಿರೋದು ಹಾಲಲ್ಲಿ ಹೋಗ್ತಿದೆ. ಇದು ಸಾಧುತನ ಅಲ್ಲ, ಅಮಲು. ಹಸಿವಾದ್ರೂ ಏಳಕ್ಕಾಗ್ತಿಲ್ಲ ಇದಕ್ಕೆ. ಇವತ್ತೇ ಅಡ್ಮಿಟ್ ಮಾಡಿ."

ಶಂಕರಮ್ಮನಿಗೆ ರೇಗಿತು. "ಶಿವ ಕುಡಿದ ಸೊಪ್ಪಿಗೆ ಗಾಂಜಾ ಅಂತೀರಲ್ಲ ಡಾಕ್ಟರಮ್ಮ. ಇದನ್ನೇ ತಿಂದು ನಾಲ್ಕು ಹೆತ್ತಿದೀನಿ ನಾನು."

"ನಾಲ್ಕರಲ್ಲಿ ಉಳಿದಿದ್ದೆಷ್ಟು?"

"ರುದ್ರೇಶ ಇಲ್ವಾ," ಎಂದಳು ಶಂಕರಮ್ಮ, ಸೆರಗು ಸರಿಮಾಡಿಕೊಳ್ಳುತ್ತ. ಆಮೇಲೆ, ಮನೆಯಲ್ಲಿ ಕೇಳಿಕೊಂಡು ಬರುತ್ತೇವೆಂದು ಎದ್ದುಬಿಟ್ಟಳು.

ಮನೆಗೆ ಬಂದ ಸುಮನಾ ಲೇಹ್ಯದ ಡಬ್ಬಿ ಎತ್ತಿ ಎಸೆದ ರಭಸಕ್ಕೆ ಅದು ಕಾಂಪೌಂಡು ದಾಟಿ ಕಾರ್ಖಾನೆಯ ಚಿಮಣಿಗೆ ಬಡಿಯಿತು. ಸೈರನ್ ಬಾಯಿ ಮುಚ್ಚಿತು. ಊರಿನ ಅತ್ತೆಯರೆಲ್ಲ ತಂತಮ್ಮ ಡಬ್ಬಿಗಳನ್ನು ಹೊಳೆಗೆ ಸುರಿದು, ಸೊಸೆಯರ ಕಾಲಿಗೆ ಬಿದ್ದರು. ಕೂಸು ಎದ್ದು ಅತ್ತ ಅಳುವಿಗೆ ಆಯನೂರಿನ ರಸ್ತೆಯಲ್ಲಿ ಲಾರಿಗಳು ಬ್ರೇಕ್ ಹಾಕಿ ನಿಂತವು.

ಈ ಕಥೆಯನ್ನು ಇಲ್ಲಿಯವರೆಗೆ ಕೇಳಿಸಿಕೊಂಡ ಬಸುರಿಯೊಬ್ಬಳು ನಗಲಿಲ್ಲ. "ಹಂಗಾದ್ರೆ ಆ ಕೂಸು ಈಗ ಯಾವ ಕ್ಲಾಸು?" ಎಂದಳು.

ಕಥೆ ಹೇಳುವ ಬಾಯಿ ಹಿಂದಕ್ಕೆ ಹೋಗಿ, ಡಬ್ಬಿಯಿಂದ ಮತ್ತೆ ಶುರುಮಾಡಿತು.

ನಿಜ ಇಷ್ಟೇ. ಸುಮನಾ ಡಬ್ಬಿ ಎಸೆಯಲಿಲ್ಲ. ಆಸ್ಪತ್ರೆಗೆ ಸೇರಿಸುವ ಮಾತು ರುದ್ರೇಶನ ಪಾಳಿ ಮುಗಿಯಲೆಂದು ಮುಂದಕ್ಕೆ ಹೋಯಿತು. ಸಂಜೆಯ ಉಂಡೆಯನ್ನು ಆಕೆ ತಿಂದಳು. ಬೇಡವೆನ್ನಲು ಜೊತೆಗೆ ಒಬ್ಬರಾದರೂ ಬೇಕಿತ್ತು, ಆ ಮನೆಯಲ್ಲಿ ಯಾರೂ ಇರಲಿಲ್ಲ. ಮರುದಿನ ಮಧ್ಯಾಹ್ನ ಹಾಲು ತುಂಬಿ ಎದೆ ಕಟ್ಟಿ, ನೋವಿಗೆ ಎಚ್ಚರವಾದಾಗ ಮಗ್ಗುಲಲ್ಲಿ ಕೂಸು ತಣ್ಣಗಿತ್ತು. ಯಾವಾಗ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ, ಅದು ಯಾರನ್ನೂ ಕರೆದಿರಲಿಲ್ಲ.

ಮಣ್ಣು ಮಾಡಿ ಬಂದವರು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಶಂಕರಮ್ಮ ಕೋಣೆಗೆ ಬಂದಳು. ಅತ್ತು ಅತ್ತು ಆಕೆಯ ಕಣ್ಣೂ ಊದಿತ್ತು. ಕೈಯಲ್ಲಿ ಉಂಡೆ ಇತ್ತು.

"ತಗೋ ತಾಯಿ, ನಿದ್ದೆನಾದ್ರೂ ಬರ್ಲಿ."

"ಬೇಡ ಅತ್ತೆ," ಎಂದಳು ಸುಮನಾ. ಮದುವೆಯಾಗಿ ಬಂದಮೇಲೆ ಆಕೆ ಆ ಮಾತು ಆಡಿದ್ದು ಅದೇ ಮೊದಲು. "ಇನ್ನು ನಂಗೆ ಎಚ್ಚರ ಇರ್ಬೇಕು."